ಪ್ರತಿ ಮಾಡತಕ್ಕದ್ದಲ್ಲ

ಉಪ್ಪಳದ ತಾಲೂಕು ಕಚೇರಿಯ ಎದುರು
ನನ್ನದೊಂದು ಝೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ, ಎರಡು ಬದಿಗೆ ಮೂರು.
ಮರಣಪತ್ರಕ್ಕೂ ಮದುವೆ ಕಾಗದಕ್ಕೂ
ದರದಲ್ಲಿ ಭೇದವಿಲ್ಲ.

ರಸ್ತೆ ದಾಟಿದರೆ ದರ ಬೇರೆ.
ಗೋಡೆಯ ಮೇಲೆ ಮಲಯಾಳದಲ್ಲಿ ಪಟ್ಟಿ:
ಒಂದು ಸರ್ವೆ ನಂಬರಿನ ನಕ್ಷೆಗೆ ಇಷ್ಟು,
ಗ್ರಾಮದ ಇಡೀ ಹಾಳೆಗೆ ಇಷ್ಟು,
ಕಂಪ್ಯೂಟರ್ ಕಡತವಾದರೆ ಅದರ ಹತ್ತರಷ್ಟು,
ಕಂಪೆನಿಯವರಿಗಾದರೆ ಕೇಳಿ ತಿಳಿಯಬೇಕು.
ಅಡಿಯಲ್ಲಿ ಸಣ್ಣಕ್ಷರ:
ಸ್ವಂತಕ್ಕೆ ಮಾತ್ರ ಬಳಸತಕ್ಕದ್ದು,
ಇನ್ನೊಬ್ಬರಿಗೆ ಕೊಡತಕ್ಕದ್ದಲ್ಲ,
ಪ್ರತಿ ಮಾಡತಕ್ಕದ್ದಲ್ಲ.

ಕೊನೆಯ ಸಾಲನ್ನು
ನನ್ನ ಹೊಟ್ಟೆಯ ಮೇಲೆಯೇ ಬರೆದ ಹಾಗಿದೆ.

ನನ್ನ ಅಪ್ಪ ಚೈನ್‌ಮ್ಯಾನ್ ಐತಪ್ಪ.
ಸರ್ವೆಯರ್ ಕೊಡೆಯಡಿ, ಅಪ್ಪ ಬಿಸಿಲಲ್ಲಿ.
ನೂರು ಕೊಂಡಿಯ ಸರಪಳಿ ಎಳೆದೂ ಎಳೆದೂ
ಎಡ ಭುಜ ಒಂದು ಬೆರಳಷ್ಟು ತಗ್ಗಿತ್ತು.
ಪೊದೆಯೊಳಗೆ ನುಗ್ಗಿ ಕಲ್ಲು ಹುಡುಕುವುದು ಅವನು,
ಸಿಕ್ಕಿತೆಂದು ಬರೆಯುವುದು ಅವರು.
ಪುಸ್ತಕದಲ್ಲಿ ಅಪ್ಪನ ಹೆಸರಿಲ್ಲ,
ಅವನು ನಡೆದ ಗೆರೆ ಇದೆ.
ಆ ಗೆರೆಗೂ ಈಗ ದರ ಇದೆ.

ಹಳೆಯ ದಫ್ತರಗಳೆಲ್ಲ ಕನ್ನಡ.
ಗೆದ್ದಲು ಓದಿ ಬಿಟ್ಟದ್ದನ್ನು
ಓದುವವರು ಅಲ್ಲಿ ಈಗ ಯಾರೂ ಇಲ್ಲ.
ಹಾಗಾಗಿ ವಾರಕ್ಕೆ ಎರಡು ಸಲ
ಕ್ಲಾರ್ಕ್ ಪ್ರಜೀಷ್ ರಸ್ತೆ ದಾಟಿ ಬರುತ್ತಾನೆ.
"ಏಟ್ಟಾ, ಈ ಸಾಲು ಏನು?"

ಓದುತ್ತೇನೆ: ಮೂಡು, ಕಾಟುಮಾವಿನ ಮರ.
ತೆಂಕು, ಪೊಡಿಯನ ಬೆಟ್ಟು.
ಪಡು, ಕಿದೂರಿನವರ ಮಜಲು.
ಬಡಗು, ತೋಡು.
"ಮಜಲು ಅಂದರೆ?"
ಬೆಟ್ಟಿಗಿಂತ ತಗ್ಗು ಮಾರಾಯ, ಬೈಲಿಗಿಂತ ಎತ್ತರ,
ಎರಡು ಬೆಳೆಯ ಗದ್ದೆ.
ಬರೆದುಕೊಳ್ಳುತ್ತಾನೆ. ಚಹಾ ಕೊಡಿಸುತ್ತಾನೆ.
ನನ್ನ ಓದಿನ ಲೈಸೆನ್ಸ್ ಒಂದು ಚಹಾ, ಸಕ್ಕರೆ ಕಡಿಮೆ.
ಮರುದಿನ ಅದೇ ಸಾಲು ಮೊಹರು ಹೊತ್ತು
ಕಿಟಕಿಯಿಂದ ಹೊರಗೆ ಬರುತ್ತದೆ, ಬೆಲೆ ಏರಿ.

ಹುಡುಗ ಒಳ್ಳೆಯವನೇ. ಪಯ್ಯನ್ನೂರಿನವನು,
ಸಂಜೆಯ ಪ್ಯಾಸೆಂಜರಿಗೆ ಓಡುವವನು.
ಅವನು ಬರುವ ಮೊದಲೊಮ್ಮೆ ಯಾರೋ
ಮಜಲನ್ನು ಒಬ್ಬ ಮನುಷ್ಯನೆಂದು ತಿಳಿದು
ಮಾಲೀಕರ ಕಾಲಂನಲ್ಲಿ ಹಾಕಿದ್ದರು.
ಕಂಪ್ಯೂಟರಿನಲ್ಲಿ ಮಜಲು ಎಂಬವನಿಗೆ
ಇವತ್ತಿಗೂ ಮೂವತ್ತೆಂಟು ಸೆಂಟ್ಸ್ ಇದೆ,
ತೀರ್ವೆ ಕಟ್ಟುವುದಿಲ್ಲ.

ಮೊನ್ನೆ ಬಾಯಾರಿನ ಬೀಫಾತಿಮ್ಮ ಬಂದರು,
ಪ್ಲಾಸ್ಟಿಕ್ಕಿನೊಳಗೆ ಸುರುಳಿ ಸುತ್ತಿದ ನಕ್ಷೆ.
"ನಾಲ್ಕು ಪ್ರತಿ ಬೇಕು ಮಗಾ,
ನಾವು ನಾಲ್ಕು ಜನ ಅಕ್ಕತಂಗಿಯರು."
ಮೂಲೆಯ ನೇರಳೆ ಮೊಹರನ್ನು ತೋರಿಸಿದೆ.
ಅವರು ಮೊಹರು ನೋಡಲಿಲ್ಲ.
ಬೆರಳಿಟ್ಟು ಕೇಳಿದರು, ತೋಡು ಯಾವುದು?
ಇದು.
ಹಾಗಾದರೆ ಬಾವಿ?
ಹುಡುಕಿದೆ. ಬಾವಿ ಇರಲಿಲ್ಲ.

"ಬಾಪ ತೋಡಿಸಿದ ಬಾವಿ. ನನಗೆ ಆಗ ಹನ್ನೊಂದು.
ಮಣ್ಣಿನ ಬುಟ್ಟಿ ಹೊತ್ತದ್ದು ಈ ತಲೆ.
ದಾರಿಯೂ ಹೀಗೆ ನೆಟ್ಟಗೆ ಹೋಗುವುದಿಲ್ಲ,
ಅಲ್ಲೊಂದು ಹಲಸು ಉಂಟು, ಬೇರು ಬಳಸಿ ನಡೆಯಬೇಕು."
ಒಳಗೆ ಹೇಳಿದರೆ ತಿದ್ದಿ ಕೊಡುತ್ತಾರೆ, ಎಂದೆ.
"ತಿದ್ದಲಿಕ್ಕೆ ಎಷ್ಟು?"
ಅರ್ಜಿಗೆ ಇಷ್ಟು, ಅಳತೆಗೆ ಇಷ್ಟು,
ಮತ್ತೆ ಹೊಸ ಪ್ರತಿಗೆ ಇಷ್ಟು.

ತಲೆವಸ್ತ್ರದ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸಿ
ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.
"ಬಾವಿ ಎಲ್ಲುಂಟು ಅಂತ ಹೇಳುವವಳು ನಾನಲ್ಲವಾ?
ಹೇಳಿದ್ದಕ್ಕೆ
ನನಗೆ ಅವರು ಎಷ್ಟು ಕೊಡುತ್ತಾರೆ?"

ಅದಕ್ಕೆ ಯಾವ ಗೋಡೆಯಲ್ಲೂ ಪಟ್ಟಿ ಇಲ್ಲ.
ಪೆನ್ಸಿಲ್ ತೆಗೆದು, ಅವರು ತೋರಿಸಿದಲ್ಲಿ
ಸಣ್ಣದೊಂದು ಸೊನ್ನೆ ಬರೆದೆ.
ಗಾಜಿನ ಮೇಲೆ ನಕ್ಷೆ ಬೋರಲು ಮಲಗಿತು.
ಮೆಷಿನ್ನಿನ ಹಸಿರು ದೀಪ ಹತ್ತಿತ್ತು.
ನಾಲ್ಕು ಎಂದು ಒತ್ತುವಾಗ ತಲೆಯೆತ್ತಿದರೆ
ರಸ್ತೆಯಾಚೆ ಪ್ರಜೀಷ್,
ಕಂಕುಳಲ್ಲಿ ಇನ್ನೊಂದು ದಫ್ತರ ಇಟ್ಟುಕೊಂಡು
ಲಾರಿ ದಾಟಲೆಂದು ಕಾಯುತ್ತಿದ್ದ.